ಪಾತಮ್ಮ ಹಾಲುಹಲ್ಲು ಎಂದ ಹಲ್ಲು

ರಾಂಪುರದಿಂದ ಒಳಗೆ ನಾಲ್ಕು ಮೈಲಿ ಹೋದರೆ ಸಿಗುವ ಹಟ್ಟಿಯಲ್ಲಿ ಕುರಿಯ ವಯಸ್ಸು ಗೊತ್ತಾಗಬೇಕಾದರೆ ಈಗಲೂ ಪಾತಮ್ಮನನ್ನೇ ಕರೆಯುತ್ತಾರೆ. ಆಕೆ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರಿಯ ಕತ್ತನ್ನು ಮಂಡಿಸಂದಿಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಅದರ ಕೆಳತುಟಿಯನ್ನು ಒತ್ತುತ್ತಾಳೆ. ಎಣಿಸುವುದೂ ಇಲ್ಲ, ಒಂದೇ ನೋಟ. "ಎರಡಲ್ಲು" ಎನ್ನುತ್ತಾಳೆ, ಇಲ್ಲವೇ "ನಾಕಲ್ಲು", ಇಲ್ಲವೇ "ಬಾಯಿ ಕೂಡೈತೆ, ಇನ್ನು ವಯಸ್ಸು ಕೇಳಬ್ಯಾಡ." ಅಕ್ಕಿಕಾಳಿನಂತೆ ಸಣ್ಣಗಿರುವವು ಹಾಲುಹಲ್ಲು. ಅವು ಜೋಡಿ ಜೋಡಿಯಾಗಿ ಬಿದ್ದು ಅಗಲ ಹಲ್ಲು ಬಂದಷ್ಟೂ ಕುರಿಗೆ ವಯಸ್ಸಾಯಿತು ಎಂದು ಲೆಕ್ಕ. ಇಷ್ಟು ಹಟ್ಟಿಯ ಮಕ್ಕಳಿಗೂ ಗೊತ್ತು. ಆದರೆ ಮುದಿಕುರಿಯ ಹಲ್ಲನ್ನು ಅರದಿಂದ ಉಜ್ಜಿ ಎಳೆಯದೆಂದು ಮಾರಲು ತಂದವರನ್ನು ಬಂದ ದಾರಿಗೆ ಕಳಿಸುತ್ತಿದ್ದವಳು ಪಾತಮ್ಮ ಒಬ್ಬಳೇ.

ಈ ವಿದ್ಯೆ ಆಕೆಗೆ ಅಪ್ಪ ಜುಂಜಪ್ಪನಿಂದ ಬಂದದ್ದು. ಗಂಡುಮಕ್ಕಳಿಲ್ಲದ ಜುಂಜಪ್ಪ ಮಗಳನ್ನೇ ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟಳು. ಮದುವೆಯಾಗಿ ಈ ಹಟ್ಟಿಗೆ ಬಂದು, ಒಬ್ಬ ಮಗ ಓಬಳೇಶನನ್ನು ಹೆತ್ತು, ಗಂಡ ತೀರಿಕೊಂಡ ಮೇಲೆ ಮಂದೆಯನ್ನು ತಾನೇ ಕಾಯ್ದಳು. ಗಂಡಸರು ಕೂತ ಕಟ್ಟೆಯ ಮೇಲೆ ಕೂತು ಮಾತಾಡುವ ಹಕ್ಕು ಆ ಹಟ್ಟಿಯಲ್ಲಿ ಒಬ್ಬ ಹೆಂಗಸಿಗೆ ಇತ್ತೆಂದರೆ ಅದು ಪಾತಮ್ಮನಿಗೆ. ಆ ಹಕ್ಕು ಸಿಕ್ಕಿದ್ದು ಹಲ್ಲಿನಿಂದ. ಅದಕ್ಕೇ ಹಲ್ಲಿನ ವಿಷಯದಲ್ಲಿ ಯಾರಾದರೂ ಎದುರು ಮಾತಾಡಿದರೆ ಆಕೆಗೆ ಆಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಯುಗಾದಿಗೆ ವಾರವಿದ್ದಾಗ, ಪಾತಮ್ಮ ಕಟ್ಟೆಯ ಹತ್ತಿರ ಕ್ಯಾತಣ್ಣನ ಕುರಿಗಳ ಬಾಯಿ ನೋಡುತ್ತಿದ್ದಳು. ಕ್ಯಾತಣ್ಣ ಆಕೆಯ ಓರಿಗೆಯವನು, ಕುರಿ ಕೊಂಡು ಮಾರುವವನು, ಬಾಯಿಗೆ ಬೀಗವಿಲ್ಲದ ಮನುಷ್ಯ. ನಾಲ್ಕನೆಯ ಕುರಿಯನ್ನು ಹಿಡಿದಿದ್ದಾಗ ಸೊಸೆ ರೂಪ ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಒಂಬತ್ತು ವರ್ಷದ ರಶ್ಮಿತಾ ಮರಿಯ ಹಿಂದೆ ಓಡಿ, ಕುರಿಗಳು ನೀರು ಕುಡಿಯುವ ಸಿಮೆಂಟು ತೊಟ್ಟಿಯ ಅಂಚಿಗೆ ಮುಖ ಕೊಟ್ಟು ಬಿದ್ದಿದ್ದಳು. ಗದ್ದವೆಲ್ಲ ರಕ್ತ. ಮೇಲಿನ ಮುಂದಿನ ಹಲ್ಲು ಓರೆಯಾಗಿ ಅರ್ಧಕ್ಕೆ ಮುರಿದಿತ್ತು. ಮುರಿದ ಜಾಗದ ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆ.

ಪಾತಮ್ಮ ಕುರಿ ಬಿಟ್ಟು ಮೊಮ್ಮಗಳನ್ನು ಮಂಡಿಸಂದಿಗೆ ತೆಗೆದುಕೊಂಡಳು. ತುಟಿ ಎತ್ತಿ ನೋಡಿದಳು. ಕೈಯಲ್ಲಿ ಇನ್ನೂ ಕುರಿಯ ಜೊಲ್ಲಿತ್ತು.

"ಏನಿಲ್ಲ, ಹಾಲಲ್ಲು. ಬೀಳೋದೇ ಇತ್ತು, ಅರ್ಧ ಮುಂಚೆ ಬಿತ್ತು" ಎಂದಳು.

ರೂಪ ಏದುಸಿರು ಬಿಡುತ್ತಲೇ, "ಅತ್ತೆ, ಇದು ಹೋದೊರ್ಷಕ್ಕಿಂತ ಮುಂಚೆ ಹಾಲಲ್ಲು ಉದುರಿ ಹೊಸದಾಗಿ ಬಂದ ಹಲ್ಲಲ್ವಾ? ಹಳೇದನ್ನ ನಾನೇ ಕಿತ್ತಿದ್ದೆ, ದಾರ ಕಟ್ಟಿ" ಎಂದಳು.

ಆ ಸಲ ಪಾತಮ್ಮ ಊರಲ್ಲಿರಲಿಲ್ಲ. ಮಗನ ಜೊತೆ ಮಂದೆ ಹೊಡೆದುಕೊಂಡು ಸಿರುಗುಪ್ಪದ ಗದ್ದೆ ಕಡೆ ಹೋಗಿದ್ದಳು. ಅಷ್ಟನ್ನು ನೆನಪು ಮಾಡಿಕೊಂಡಿದ್ದರೆ ಸಾಕಿತ್ತು. ಆದರೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು, ನಾಲ್ಕು ಜನರೂ ಆಕೆಯ ಬಾಯನ್ನೇ ನೋಡುತ್ತಿದ್ದರು.

"ನೀನು ಕಿತ್ತಿದ್ದು ಪಕ್ಕದ್ದು ಕಣೇ. ಅಂಚು ನೋಡು, ಗರಗಸದಂಗೆ ಎಳೇದೈತೆ. ಇದು ಗಟ್ಟಿ ಹಲ್ಲಾ?"

"ನಾನೇ ಕಿತ್ತಿದ್ದೆ ಅತ್ತೆ..."

"ನಲವತ್ತೊರ್ಷದಿಂದ ಹಲ್ಲು ನೋಡ್ತಾ ಇದ್ದೀನಿ. ನನಗೇ ಹೇಳ್ಕೊಡ್ತೀಯಾ?"

ಕ್ಯಾತಣ್ಣ ನಕ್ಕ. "ಬಿಡವ್ವಾ ರೂಪಾ. ಪಾತಕ್ಕ ಹೇಳಿದ್ಮ್ಯಾಲೆ ತಾಸೀಲ್ದಾರ್ರು ಸೀಲು ಒತ್ತಿದಂಗೆ."

ರೂಪ ಅಂಗೈ ಬಿಚ್ಚಿದಳು. ಮುರಿದ ಚೂರನ್ನು ತೊಟ್ಟಿಯ ಬುಡದಲ್ಲಿ ಹುಡುಕಿ ತಂದಿದ್ದಳು. "ಒಂದ್ಸಲ ಚಳ್ಳಕೆರೆಗೆ ಕರ್ಕಂಡು ಹೋಗಿ ತೋರಿಸ್ಕಂಡು ಬರ್ತೀನಿ. ಇದನ್ನೂ ತಗಂಡು ಹೋಗ್ತೀನಿ."

"ಹಾಲಲ್ಲು ತೋರ್ಸಾಕೆ ಬಸ್ ಹತ್ತಿದ್ರೆ ಡಾಕ್ಟ್ರು ನಗ್ತಾರೆ. ಸಗಣ್ಯಾಗೆ ಸುತ್ತಿ ಮಾಳಿಗೆ ಮ್ಯಾಲೆ ಎಸಿ. ಹೊಸದು ಬರ್ಲಿ."

ರೂಪ ಚೂರನ್ನು ಅತ್ತೆಯ ಕೈಗೆ ಹಾಕಿದಳು. ಮಾಳಿಗೆಗೆ ಎಸೆದದ್ದು ಪಾತಮ್ಮನೇ. ಹಾಲುಹಲ್ಲಿಗೆ ಮಾಡುವ ಶಾಸ್ತ್ರವನ್ನು ಆ ಚೂರಿಗೆ ಮಾಡಿದಳು.

ಒಂದು ವಾರ ಹುಡುಗಿ ತಣ್ಣೀರು ಕುಡಿಯಲಾರದೆ ಅತ್ತಳು. ಪಾತಮ್ಮ ಲವಂಗ ಅರೆದು ಇಟ್ಟಳು, ಅರಿಶಿನ ಮೆತ್ತಿದಳು. ಇಪ್ಪತ್ತು ದಿನಕ್ಕೆ ನೋವು ನಿಂತಿತು. ತಣ್ಣೀರಿಗೂ ಜುಮ್ಮೆನ್ನಲಿಲ್ಲ, ಬಿಸಿಗೂ ಇಲ್ಲ. "ನೋಡಿದ್ಯಾ?" ಎಂದು ಸೊಸೆಯ ಮುಂದೆ ಎರಡು ಸಲ ಹೇಳಿದಳು.

ವರ್ಷ ಕಳೆಯಿತು. ಹಲ್ಲು ಬೀಳಲಿಲ್ಲ. ಹೊಗೆ ಹಿಡಿದ ಗೋಡೆಯಂತೆ ನಿಧಾನಕ್ಕೆ ಕಂದಿತು. ರಶ್ಮಿತಾ ಮಾತಾಡುವಾಗ ಮೇಲ್ದುಟಿಯನ್ನು ಕೆಳಗೆ ಎಳೆದುಕೊಂಡು ಮಾತಾಡುವುದನ್ನು ಕಲಿತಳು. ಶಾಲೆಯಲ್ಲಿ "ಮುರುಕಲ್ಲಿ" ಎಂದು ಹೆಸರು ಬಿತ್ತು. ಪದ್ಯ ಹೇಳು ಎಂದು ಮೇಷ್ಟರು ನಿಲ್ಲಿಸಿದರೆ ಬಾರದವಳಂತೆ ಸುಮ್ಮನೆ ನಿಲ್ಲುತ್ತಿದ್ದಳು. ಬರುತ್ತಿತ್ತು, ಮನೆಯಲ್ಲಿ ಮರಿಗಳಿಗೆ ಎಲ್ಲ ಪದ್ಯವನ್ನೂ ಹೇಳುತ್ತಿದ್ದಳು.

ಹಲ್ಲು ಮುರಿದು ಎರಡು ವರ್ಷ ತುಂಬಿದ ಯುಗಾದಿಯ ಹಿಂದಿನ ದಿನ ಪಾತಮ್ಮ ಮೊಮ್ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಹುಡುಗಿ ತಲೆ ಹಿಂದಕ್ಕೆ ವಾಲಿಸಿ ಆಕಳಿಸಿದಳು. ಬಾಯಿ ಆಕೆಯ ಮೊಣಕಾಲ ಮೇಲೇ ತೆರೆದುಕೊಂಡಿತು. ಪಾತಮ್ಮ ಸುಮ್ಮನೆ ನೋಡಿದಳು, ಯಾರೂ ಪಕ್ಕದಲ್ಲಿರಲಿಲ್ಲ. ಮುರಿದ ಹಲ್ಲಿನ ಬುಡದ ಅಗಲವನ್ನು ನೋಡಿದಳು. ಪಕ್ಕದ ಚೆನ್ನಾಗಿರುವ ಹಲ್ಲಿನ ಅಗಲವನ್ನು ನೋಡಿದಳು. ಎರಡೂ ಒಂದೇ ಅಗಲ. ಬೆರಳಿಟ್ಟು ಅಲುಗಿಸಿದಳು. ಕಲ್ಲಿನ ಹಾಗೆ ನಿಂತಿತ್ತು. ಕುರಿಯ ಬಾಯಾಗಿದ್ದರೆ ಒಂದು ಕ್ಷಣವೂ ಬೇಕಾಗುತ್ತಿರಲಿಲ್ಲ, ಅಗಲಹಲ್ಲು ಎಂದುಬಿಡುತ್ತಿದ್ದಳು.

ಆದರೆ ಆಕೆ ಜಡೆ ಹೆಣೆದು, ದಾರ ಕಟ್ಟಿ, ಹುಡುಗಿಯನ್ನು ಎಬ್ಬಿಸಿ ಕಳಿಸಿದಳು. ಯಾರಿಗೂ ಹೇಳಲಿಲ್ಲ. ಇವತ್ತು ಹೇಳಿದರೆ ಅವತ್ತು ಹೇಳಿದ್ದು ಸುಳ್ಳಾಗುತ್ತದೆ. ಸುಳ್ಳಾದರೆ ಕಟ್ಟೆಯಲ್ಲಿ ಕ್ಯಾತಣ್ಣ ಏನೆನ್ನುತ್ತಾನೆ, ಸೊಸೆ ಏನೆನ್ನುತ್ತಾಳೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರುವಷ್ಟರಲ್ಲಿ ಮತ್ತೊಂದು ಯುಗಾದಿ ಬಂತು.

ಈ ಸಲ ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತು. ಶಾಲೆಗೆ ಮಕ್ಕಳ ಆರೋಗ್ಯ ನೋಡಲು ಬಂದವರು ಚೀಟಿ ಬರೆದುಕೊಟ್ಟರು. ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ಬೇರಿನ ಕೆಲಸ ಆಗಬೇಕು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದರು. ಓಬಳೇಶ್ ಮಂದೆಯ ಜೊತೆ ದೂರದಲ್ಲಿದ್ದ. ರೂಪ ಮಗಳನ್ನು ಹೊರಡಿಸಿದಳು. "ನಾನೂ ಬರ್ತೀನಿ" ಎಂದು ಪಾತಮ್ಮ ತಾನಾಗೇ ಚಪ್ಪಲಿ ಮೆಟ್ಟಿದಳು.

ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಎಣ್ಣೆಗಿರಣಿಯ ಹಿಂಡಿಯ ವಾಸನೆ ಬರುವ ಕಡೆ, ಮಹಡಿಯ ಮೇಲೆ ಡಾಕ್ಟರ್ ಶೈಲಜಾರ ದವಾಖಾನೆ. ನಲವತ್ತು ದಾಟದ ಹೆಂಗಸು, ಮಾತು ಚುರುಕು. ರಶ್ಮಿತಾಳನ್ನು ಕುರ್ಚಿಯಲ್ಲಿ ಮಲಗಿಸಿ, ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿದರು. ಪಾತಮ್ಮ ಗೋಡೆಗೆ ಒರಗಿ ಆ ಹೆಬ್ಬೆರಳನ್ನೇ ನೋಡಿದಳು. ತನ್ನ ಹೆಬ್ಬೆರಳೂ ಹಾಗೇ ಹೋಗುತ್ತದೆ.

ಫೋಟೋ ತೆಗೆದು, ಪರದೆಯ ಮೇಲೆ ತೋರಿಸಿ ಡಾಕ್ಟರು ಕೇಳಿದರು: "ಯಾವಾಗ ಮುರಿದದ್ದು?"

"ಮೂರು ವರ್ಷ ಆಯ್ತು ಮೇಡಂ" ಎಂದಳು ರೂಪ.

"ಮೂರು ವರ್ಷ! ಮುರಿದ ಚೂರು ಎಲ್ಲಿ?"

"ಎಸೆದ್ವಿ."

"ನೋಡಿ ಇಲ್ಲಿ. ಹಲ್ಲು ಹೊರಗೆ ಬಂದ ಮೇಲೂ ಎರಡು ಮೂರು ವರ್ಷ ಬೇರು ಒಳಗೊಳಗೇ ಬೆಳೀತಾ ಇರುತ್ತೆ. ಪಕ್ಕದ ಹಲ್ಲಿನ ಬೇರು ನೋಡಿ, ತುದಿ ಮುಚ್ಚಿದೆ. ಇದು ಮುರಿದ ಸ್ವಲ್ಪ ದಿನಕ್ಕೇ ಒಳಗಿನ ನರ ಸತ್ತುಹೋಯ್ತು, ಬೇರು ಅಲ್ಲೇ ನಿಂತುಹೋಯ್ತು. ತಳ ಇಲ್ಲದ ಕೊಡ ಇದ್ದ ಹಾಗೆ. ನೋವು ನಿಂತಿದ್ದಕ್ಕೆ ವಾಸಿ ಆಯ್ತು ಅಂದ್ಕೊಂಡ್ರಾ? ಹಲ್ಲು ಸತ್ತಿದ್ದಕ್ಕೆ ನೋವು ನಿಂತಿದ್ದು."

ರೂಪ ಪರದೆಯನ್ನೇ ನೋಡುತ್ತಿದ್ದಳು.

"ಆ ದಿನವೇ ಬಂದಿದ್ರೆ ನರ ಉಳಿಸಿ, ಅದೇ ಚೂರನ್ನ ಅಂಟಿಸಿ ಕಳಿಸ್ತಿದ್ದೆ. ತಾಯಿ ಅಲ್ವಾ ನೀವು? ಮಗಳ ಮುಖ ದಿನಾ ನೋಡ್ತೀರಲ್ಲ, ಮೂರು ವರ್ಷ ಕಣ್ಣಿಗೆ ಬೀಳ್ಲಿಲ್ವಾ? ಶಾಶ್ವತ ಹಲ್ಲೋ ಹಾಲುಹಲ್ಲೋ, ಅಷ್ಟೂ ಗೊತ್ತಾಗ್ಲಿಲ್ವಾ?"

ಈಗ ರೂಪ ಹೇಳಿಬಿಡುತ್ತಾಳೆ ಎಂದುಕೊಂಡಳು ಪಾತಮ್ಮ. ನಮ್ಮತ್ತೆ ಹೇಳಿದರು ಎಂದು ಒಂದು ಮಾತು ಸಾಕಿತ್ತು. ರೂಪ ತಲೆ ತಗ್ಗಿಸಿ, "ಗೊತ್ತಾಗ್ಲಿಲ್ಲ ಮೇಡಂ, ತಪ್ಪಾಯ್ತು" ಎಂದಳು. ಅತ್ತೆಯ ಕಡೆ ಕಣ್ಣನ್ನೂ ತಿರುಗಿಸಲಿಲ್ಲ. ಆ ತಿರುಗದ ಕಣ್ಣು ಪಾತಮ್ಮನಿಗೆ ಕಪಾಳಕ್ಕೆ ಬಿಗಿದಂತಾಯಿತು.

"ಉಳೀತದಾ ಅಮ್ಮಾರೇ?" ಎಂದಷ್ಟೇ ಕೇಳಿದಳು ಪಾತಮ್ಮ.

"ಮಾತು ಕೊಡಕ್ಕಾಗಲ್ಲ ಅಜ್ಜಿ. ಮೊದಲು ಒಳಗಿನ ಕೀವು ತೊಳೀಬೇಕು, ಔಷಧಿ ಇಡಬೇಕು. ಒಣಗಿದ್ರೆ ತುದಿಗೆ ಸಿಮೆಂಟ್ ಇಟ್ಟು ತಳ ಕಟ್ತೀನಿ. ಆಮೇಲೆ ತುಂಬಿ, ಮೇಲೆ ಹಲ್ಲು ಕಟ್ಟೋದು. ಕೀವು ನಿಲ್ಲದಿದ್ರೆ ತೆಗೆಯೋದೇ. ನಾಲ್ಕೈದು ಸಲ ಬರಬೇಕು. ಒಂದು ಸಲ ತಪ್ಪಿಸಿದ್ರೂ ನಾನು ಜವಾಬ್ದಾರಳಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ತಳಕು ದಾಟಿತು, ಬಿ.ಜಿ. ಕೆರೆ ದಾಟಿತು. ರೂಪ ಬೈದರೆ ಸಾಕಲ್ಲ ಎಂದು ಪಾತಮ್ಮ ಕಾದಳು. ಹಾನಗಲ್ಲಿನ ಹತ್ತಿರ ರೂಪ ಬಾಯಿ ತೆರೆದಳು. "ಅತ್ತೆ, ಕಾಲು ಇತ್ಲಾಗೆ ಚಾಚ್ರಿ, ಮಂಡಿ ಹಿಡ್ಕಂತತೆ" ಎಂದಳು, ಅಷ್ಟೇ.

ಎರಡನೆಯ ಸಲಕ್ಕೆ ರೂಪಳಿಗೆ ಈರುಳ್ಳಿ ಕೀಳುವ ಕೂಲಿಯಿತ್ತು. ಪಾತಮ್ಮನೇ ಮೊಮ್ಮಗಳನ್ನು ಕರೆದುಕೊಂಡು ಹೊರಟಳು. ರಾಂಪುರದಲ್ಲಿ ಬಸ್ ಹತ್ತಿ ಕೂತ ಮೇಲೆ ರಶ್ಮಿತಾ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು:

"ಅಜ್ಜಿ, ಡಾಕ್ಟ್ರು ಅವತ್ತು ಅವ್ವಂಗೆ ಯಾಕೆ ಬೈದ್ರು?"

"ತಡ ಮಾಡಿದ್ವಲ್ಲ ಮಗಾ, ಅದಕ್ಕೆ."

"ಅವ್ವ ಅವತ್ತೇ ಹೇಳಿದ್ಲು, ಇದು ಹೊಸ ಹಲ್ಲು ಅಂತ. ನಂಗೆ ನೆನಪೈತೆ. ನಿನ್ನ ಕಾಲ ಸಂದ್ಯಾಗೇ ಇದ್ದೆ ನಾನು."

ಪಾತಮ್ಮ ಟಿಕೆಟ್ಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನೀನ್ಯಾಕೆ ಹೇಳ್ಲಿಲ್ಲ ಅಜ್ಜಿ ಡಾಕ್ಟ್ರಿಗೆ?"

ಹುಡುಗಿಯ ದನಿಯಲ್ಲಿ ಕೋಪವಿರಲಿಲ್ಲ. ಗೊತ್ತಿಲ್ಲದ್ದನ್ನು ದೊಡ್ಡವರ ಹತ್ತಿರ ಕೇಳುವ ಹಾಗೆ ಕೇಳಿದ್ದಳು. ಕೋಪವಿದ್ದರೆ ಗದರಿಸಿ ಬಾಯಿ ಮುಚ್ಚಿಸಬಹುದಿತ್ತು.

ಡಾಕ್ಟರು ಹುಡುಗಿಯ ಬಾಯಿಗೆ ಹಸಿರು ರಬ್ಬರ್ ಹಾಳೆ ಹೊದಿಸಿ ಆ ಒಂದು ಹಲ್ಲನ್ನಷ್ಟೇ ಹೊರಗೆ ಬಿಟ್ಟು ತೊಳೆಯತೊಡಗಿದರು. "ತಾಯಿ ಬರ್ಲಿಲ್ವಾ? ಅಜ್ಜಿ ಮೇಲೆ ಹಾಕಿ ಕೂತ್ರಾ? ಇಂಥ ತಾಯಂದಿರನ್ನ ಕಟ್ಕೊಂಡು..." ಎಂದು ಗೊಣಗಿದರು. ರಶ್ಮಿತಾಳ ಬಾಯಿ ಕಟ್ಟಿತ್ತು, ಮಾತಾಡುವಂತಿರಲಿಲ್ಲ. ಕಣ್ಣು ಮಾತ್ರ ಹೊರಳಿ ಅಜ್ಜಿಯ ಮೇಲೆ ನಿಂತಿತು.

"ಅವಳ ತಪ್ಪಿಲ್ಲ ಅಮ್ಮಾರೇ" ಎಂದಳು ಪಾತಮ್ಮ. ದನಿ ಇಷ್ಟು ಜೋರಾಗಿ ಬಂದದ್ದು ಆಕೆಗೇ ಬೆರಗು. "ನಾನು ಹಾಲಲ್ಲು ಅಂದೆ. ಅವಳು ಅಲ್ಲ ಅಂದ್ಲು, ಬಾಯಿ ಮುಚ್ಚು ಅಂದೆ. ಚೂರು ತಗಂಡು ಬರ್ತೀನಿ ಅಂದ್ಲು, ಮಾಳಿಗೆಗೆ ಎಸೆದೆ."

ಡಾಕ್ಟರು ಕೈ ನಿಲ್ಲಿಸಿದರು. "ನಿಮಗೆ ಹಾಲುಹಲ್ಲು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ ಹಲ್ಲು ನೋಡಾಕಿ. ಕುರಿ ಹಲ್ಲು."

"ಕುರಿಗೆ ಮೇಲೆ ಮುಂದಿನ ಹಲ್ಲು ಇರ್ತಾವಾ ಅಜ್ಜಿ?"

ಪಾತಮ್ಮ ತಬ್ಬಿಬ್ಬಾದಳು. "ಇಲ್ಲ ತಾಯಿ. ಮ್ಯಾಲೆ ಬರೀ ವಸಡು. ಮುಂದಿನವು ಕೆಳಗೇ."

"ಇವಳದ್ದು ಮುರಿದಿರೋದು ಮೇಲಿಂದು" ಎಂದರು ಡಾಕ್ಟರು. ಗೇಲಿ ಮಾಡಬೇಕೆಂದು ಹೇಳಿದ್ದಲ್ಲ. ಆದರೆ ಪಾತಮ್ಮನ ನಲವತ್ತು ವರ್ಷ ಅಲ್ಲೇ ಕುಸಿದು ಕೂತಿತು. ಇಷ್ಟು ಕಾಲ ಆಕೆ ನೋಡಿದ್ದು ಅರ್ಧ ಬಾಯಿ. ಮೇಲಿನ ಹಲ್ಲಿನ ಬಗ್ಗೆ ಆಕೆಗೆ ಯಾರೂ ಏನೂ ಕಲಿಸಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ.

"ಇನ್ನೊಂದೈತೆ" ಎಂದಳು. ರಶ್ಮಿತಾ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಹೇಳಿದಳು. "ಹೋದ ಯುಗಾದಿಗೇ ನನಗೆ ಗೊತ್ತಾತು, ಇದು ಹಾಲಲ್ಲು ಅಲ್ಲ ಅಂತ. ಮರ್ಯಾದಿಗೆ ಅಂಜಿ ಸುಮ್ಕಿದ್ದೆ. ಆಗ ಬಂದಿದ್ರೆ ಬೇರು ಬೆಳೀತಿತ್ತಾ?"

ಡಾಕ್ಟರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಬೇರು ಬೆಳೀತಿರ್ಲಿಲ್ಲ. ಅದು ಮೊದಲೇ ಸತ್ತಿತ್ತು. ಆದ್ರೆ ಕೀವು ಆಗ್ತಿರ್ಲಿಲ್ಲ, ಎಲುಬು ಕರಗ್ತಿರ್ಲಿಲ್ಲ. ಈ ಹುಡುಗಿ ಒಂದು ವರ್ಷ ಮುಂಚೆ ಬಾಯಿ ತುಂಬ ನಗ್ತಿದ್ಲು" ಎಂದರು. ಆಮೇಲೆ ಕೆಲಸಕ್ಕೆ ಬಾಗಿ, "ನನಗೆ ಹೇಳಿ ಏನು ಬಂತು ಅಜ್ಜಿ? ನಾನು ಬೈದದ್ದು ಆಕೆಗೆ. ಬೈಸಿಕೊಂಡವಳಿಗೆ ಹೇಳಿ" ಎಂದರು.

ವಾಪಸು ಬರುವಾಗ ರಶ್ಮಿತಾ ಅಜ್ಜಿಯ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಳು. ಜಾಗ ಪಕ್ಕದಲ್ಲೇ ಇತ್ತು.

ಹಟ್ಟಿಗೆ ಬಂದರೆ ಕಟ್ಟೆಯ ಹತ್ತಿರ ಕ್ಯಾತಣ್ಣ ಎರಡು ಕುರಿ ಹಿಡಿದುಕೊಂಡು ಕಾಯುತ್ತಿದ್ದ. ರೂಪ ಕೂಲಿ ಮುಗಿಸಿ ಬಂದು ತೊಟ್ಟಿಗೆ ನೀರು ಹೊಯ್ಯುತ್ತಿದ್ದಳು. ಕ್ಯಾತಣ್ಣ ದೂರದಿಂದಲೇ ಕೂಗಿದ: "ಏನು ಪಾತಕ್ಕಾ, ಚಳ್ಳಕೆರೆ ಡಾಕ್ಟ್ರು ನಿನ್ನ ಸೊಸೆಗೆ ಭಾರಿ ಉಗಿದ್ರಂತೆ! ಈಗಿನ ಹೆಣ್ಮಕ್ಕಳು ಹಂಗೇ ಬಿಡು, ಮೊಬೈಲು ನೋಡ್ತಾರೆ, ಮಕ್ಕಳ ಬಾಯಿ ನೋಡಲ್ಲ. ಬಾ, ಈ ಎರಡ್ರದ್ದು ಹೇಳು."

ರೂಪ ಕೊಡ ಬಗ್ಗಿಸಿದವಳು ಬಗ್ಗಿಸಿಯೇ ಇದ್ದಳು. ಬೆನ್ನು ಮಾತ್ರ ಬಿಗಿಯಾಯಿತು. ಪಾತಮ್ಮ ಆ ಬೆನ್ನನ್ನು ನೋಡಿದಳು.

"ಕ್ಯಾತಣ್ಣಾ, ಅವತ್ತು ನೀನು ಇಲ್ಲೇ ಇದ್ದೆ. ಹಾಲಲ್ಲು ಅಂದಿದ್ದು ಯಾರು?"

"ಯಾರು ಅಂದ್ರೆ... ನೀನೇ."

"ನಾನೇ. ಅಲ್ಲ ಅಂದಿದ್ದು ಇವಳು. ಇವಳು ಹೇಳಿದ್ದು ದಿಟ, ನಾನು ಹೇಳಿದ್ದು ಸುಳ್ಳು. ಸೀಲು ಒತ್ತಿದಂಗೆ ಅಂದಿದ್ಯಲ್ಲ, ಆ ಸೀಲೇ ಖೊಟ್ಟಿ."

ಕ್ಯಾತಣ್ಣನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಆತು ಬಿಡಕ್ಕಾ, ಮನುಷ್ಯರ ಹಲ್ಲು ಬ್ಯಾರೆ, ಕುರೀದು ಬ್ಯಾರೆ" ಎಂದು ಗೊಣಗಿ, ಕುರಿಯ ಹಗ್ಗವನ್ನು ಕೈಗೆ ಸುತ್ತಿಕೊಂಡ.

"ಅದೇ. ಅದು ಅವತ್ತು ಗೊತ್ತಿದ್ದಿಲ್ಲ ನನಗೆ" ಎಂದು ಪಾತಮ್ಮ ಮನೆಯ ಕಡೆ ನಡೆದಳು. ಕುರಿಯ ಬಾಯಿ ನೋಡಲಿಲ್ಲ.

ರೂಪ ಒಲೆ ಹೊತ್ತಿಸಿ ರೊಟ್ಟಿ ತಟ್ಟಲು ಕೂತಾಗ ಪಾತಮ್ಮ ಎದುರಿಗೆ ಬಂದು ಕೂತಳು. ಉಳಿದದ್ದನ್ನೂ ಹೇಳಿದಳು. ತಲೆ ಬಾಚಿದ ದಿನ, ಎರಡು ಹಲ್ಲಿನ ಅಗಲ, ಅಲುಗಿಸಿ ನೋಡಿದ ಬೆರಳು.

ರೊಟ್ಟಿ ತಟ್ಟುವ ಕೈ ನಿಂತಿತು.

"ಒಂದೊರ್ಷನಾ ಅತ್ತೆ?"

"ಹೂಂ. ಒಂದೊರ್ಷ."

"ಹೋದ ಆಗಸ್ಟ್ ಹದಿನೈದಕ್ಕೆ ನೃತ್ಯಕ್ಕೆ ಹೆಸರು ಕೊಟ್ಟು ಆಮೇಲೆ ನಾನು ಹೋಗಲ್ಲ ಅಂತ ಅತ್ಲು. ಯಾಕೆ ಅಂತ ನಾನೂ ನೀವೂ ಕೇಳಿದ್ವಿ. ಆಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಹಾಲಲ್ಲು ಅಂದಿದ್ದು ನನಗೆ ಸಿಟ್ಟಿಲ್ಲ. ತಪ್ಪು ಯಾರಿಗೂ ಆಗ್ತತೆ. ನಾನೂ ಗಟ್ಟಿಯಾಗಿ ನಿಂತಿದ್ರೆ ಅವತ್ತೇ ಬಸ್ ಹತ್ತಬಹುದಿತ್ತು. ಅತ್ತೆಗೆ ಎದುರಾಡಿದ್ಲು ಅಂತಾರೆ ಅಂತ ಅಂಜಿದೆ. ಅದು ನಂದು." ರೂಪ ಹಿಟ್ಟಿನ ಕೈಯನ್ನು ಮಣೆಗೆ ಒರೆಸಿದಳು. "ಆದ್ರೆ ಇದು... ಇದಕ್ಕೆ ಏನನ್ಬೇಕೋ ನನಗೆ ಗೊತ್ತಾಗ್ವಲ್ದು ಅತ್ತೆ."

ಹೆಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು. ಪಾತಮ್ಮ ಕೈ ಚಾಚಿ ತಿರುವಿ ಹಾಕಿದಳು. ರೂಪ ಎದ್ದು ಹಿತ್ತಲಿಗೆ ಹೋದಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಊಟಕ್ಕೆ ಬರ್ರಿ, ನೀರು ಕಾದೈತೆ, ಮರಿಗೆ ಮೇವು ಹಾಕಿದ್ರಾ. ಎಲ್ಲ ಇತ್ತು. ಬೇಕಾದ ಮಾತು ಒಂದೇ ಇರಲಿಲ್ಲ. ರಶ್ಮಿತಾ ತಲೆ ಬಾಚಿಸಿಕೊಳ್ಳಲು ಅವ್ವನ ಹತ್ತಿರ ಹೋಗತೊಡಗಿದಳು. ಪಾತಮ್ಮ ತಕರಾರು ಮಾಡಲಿಲ್ಲ. ಕಟ್ಟೆಯ ಮೇಲೂ ಕೂರಲಿಲ್ಲ. ಯಾರಾದರೂ ಕುರಿ ತಂದರೆ ನೋಡಿ ಹೇಳುತ್ತಿದ್ದಳು, ಹೇಳಿದ ಮೇಲೆ "ನೀನೂ ಒಂದ್ಸಲ ನೋಡ್ಕೋ" ಎನ್ನುತ್ತಿದ್ದಳು. ಆ ಮಾತನ್ನು ಆಕೆಯ ಬಾಯಿಂದ ಹಟ್ಟಿಯವರು ಮೊದಲು ಕೇಳಿರಲಿಲ್ಲ.

ಚಳ್ಳಕೆರೆಯ ದಿನ ಮಾತ್ರ ಒಂದೂ ತಪ್ಪಲಿಲ್ಲ. ಡಾಕ್ಟರು ಬರೆದುಕೊಟ್ಟ ತಾರೀಕುಗಳನ್ನು ಪಾತಮ್ಮ ಓದಲಾರಳು. ವಾರ ಎಣಿಸಿ ದಾರಕ್ಕೆ ಗಂಟು ಹಾಕಿಕೊಂಡಳು. ಮೂರನೆಯ ಸಲ ಕೀವು ಇನ್ನೂ ಒಸರುತ್ತಿತ್ತು. "ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಇದ್ರೆ..." ಎಂದು ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟರು. ಆ ಹದಿನೈದು ದಿನ ಪಾತಮ್ಮ ರೊಟ್ಟಿಯನ್ನು ನೀರಲ್ಲಿ ನೆನೆಸಿ ನುಂಗಿದಳು. ಅಗಿಯಲು ಮನಸ್ಸು ಬರುತ್ತಿರಲಿಲ್ಲ. ನಾಲ್ಕನೆಯ ಸಲ ಹೋದಾಗ ಒಳಗೆ ಒಣಗಿತ್ತು. ಡಾಕ್ಟರು ಬೇರಿನ ತುದಿಗೆ ಸಿಮೆಂಟ್ ಇಟ್ಟು ತಳ ಕಟ್ಟಿದರು. ಪಾತಮ್ಮ ಮೆಟ್ಟಿಲಿಳಿದು ಬೀದಿಗೆ ಬಂದು, ಯಾವ ದೇವರ ಹೆಸರು ಹೇಳಬೇಕೆಂದು ತಿಳಿಯದೆ, ಸುಮ್ಮನೆ ಗೋಡೆಗೆ ಕೈ ಮುಗಿದಳು.

ಕೊನೆಯ ಸಲಕ್ಕೆ ರೂಪ ಕೂಲಿ ಬಿಟ್ಟು ಬಂದಳು. ಮೂವರೂ ಒಟ್ಟಿಗೆ ಹೋದರು.

ಡಾಕ್ಟರು ಬಣ್ಣದ ಪಟ್ಟಿಯನ್ನು ಪಕ್ಕದ ಹಲ್ಲಿಗೆ ಹಿಡಿದು ಹಿಡಿದು ನೋಡಿ, ಹೊಂದುವ ಬಣ್ಣ ಆರಿಸಿದರು. ಅಂಟನ್ನು ಚೂರು ಚೂರೇ ಇಟ್ಟು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿ, ಮತ್ತೆ ಇಟ್ಟು, ಉಜ್ಜಿ, ಕಚ್ಚಿಸಿ ನೋಡಿ, ಮತ್ತೆ ಉಜ್ಜಿದರು. ಒಂದು ಗಂಟೆಯ ಮೇಲಾಯಿತು. ಮಗ್ಗದವರು ಹರಿದ ಎಳೆಯನ್ನು ಕೂಡಿಸುವಂಥ ಕೆಲಸ.

ಕೈಗವಸು ತೆಗೆಯುತ್ತಾ ಡಾಕ್ಟರು ರೂಪಳ ಕಡೆ ತಿರುಗಿದರು. "ನಿಮಗೆ ಅವತ್ತು ಸುಮ್ಮನೆ ಬೈದೆ. ಅಜ್ಜಿ ಹೇಳಿದ್ರು."

"ಪೂರಾ ಸುಮ್ಮನೆ ಅಲ್ಲ ಮೇಡಂ" ಎಂದಳು ರೂಪ. "ಗೊತ್ತಿದ್ದೂ ಬಾಯಿ ಮುಚ್ಕಂಡಿದ್ದೆ."

"ಇಬ್ಬರೂ ಕೇಳಿಸ್ಕೊಳ್ಳಿ. ಹಲ್ಲು ನೋಡೋಕೆ ಚೆನ್ನಾಗಿದೆ, ಆದ್ರೆ ಬೇರು ತೆಳು. ಕಬ್ಬು, ಜೋಳದ ತೆನೆ ಇದರಲ್ಲಿ ಕಚ್ಚಬಾರದು. ಆರು ತಿಂಗಳಿಗೊಮ್ಮೆ ತೋರಿಸ್ಬೇಕು. ಕೆಲವು ವರ್ಷಕ್ಕೆ ಮೇಲಿನದು ಮತ್ತೆ ಕಟ್ಟಬೇಕಾಗುತ್ತೆ. ಮೊದಲಿನ ಹಲ್ಲು ಆಗಲ್ಲ ಇದು."

ಆಗಲ್ಲ ಎನ್ನುವುದು ಪಾತಮ್ಮನಿಗೆ ಗೊತ್ತಿತ್ತು. ಆದರೂ ಆ ಮಾತು ಕಿವಿಗೆ ಬಿದ್ದಾಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಬಸ್ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಾಗ ರಶ್ಮಿತಾ ಅಂಗಡಿಯೊಂದರ ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ, ಇಳಿಸಿ, ಹಲ್ಲು ಕಿರಿದು, ನಾಲಿಗೆಯಿಂದ ಮುಟ್ಟಿ ನೋಡುತ್ತಿದ್ದಳು. ಅಂಗಡಿಯವನು, "ಏ ಪಾಪಾ, ಕನ್ನಡಿ ಕೊಳ್ಳಾಕೆ ಬಂದ್ಯೋ ಕಚ್ಚಾಕೆ ಬಂದ್ಯೋ?" ಎಂದ. ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ಹಾಗೇ ನಗುತ್ತಾ ಅವ್ವನ ಕಡೆ ತಿರುಗಿದಳು.

ರೂಪ ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಆಮೇಲೆ, "ಅತ್ತೆ, ನೋಡ್ರಿ" ಎಂದಳು.

ಪಾತಮ್ಮ ಎರಡು ಹೆಜ್ಜೆ ಹತ್ತಿರ ಬಂದಳು. ಎಲ್ಲರಿಗೂ ಒಂದೇ ಹಲ್ಲು ಕಾಣುವ ಕಡೆ ಆಕೆಯ ಕಣ್ಣಿಗೆ ಬೆಸುಗೆಯ ಗೆರೆ ಕಂಡಿತು, ಕೂದಲೆಳೆಯಷ್ಟು.

"ನನ್ನ ಕೇಳಬ್ಯಾಡ ತಾಯಿ. ಹಲ್ಲು ಸರಿ ಐತೋ ಇಲ್ಲೋ ಡಾಕ್ಟ್ರಮ್ಮಗೆ ಗೊತ್ತು."

"ಹಲ್ಲು ಯಾರು ಕೇಳಿದ್ರು? ಮೊಮ್ಮಗಳು ಚೆಂದ ಕಾಣ್ತಾಳಾ ಅಂತ ಕೇಳ್ದೆ."

ಪಾತಮ್ಮ ಮೊಮ್ಮಗಳ ಮುಖವನ್ನು ನೋಡಿದಳು. ಒಂಬತ್ತು ವರ್ಷದ ಮುಖ ಹೋಗಿ ಹನ್ನೆರಡು ವರ್ಷದ ಮುಖ ಬಂದಿತ್ತು. ನಡುವಿನ ಮೂರು ವರ್ಷದ ನಗು ಹೇಗಿತ್ತೆಂದು ಹಟ್ಟಿಯಲ್ಲಿ ಯಾರೂ ನೋಡಿರಲಿಲ್ಲ.

"ಚೆಂದ ಅವ್ಳೆ" ಎಂದಳು. ಅಷ್ಟರಲ್ಲಿ ಬಸ್ ಬಂತು. ಜನ ನುಗ್ಗಿದರು. ರೂಪ ಮೊದಲು ಹತ್ತಿ, ಕಿಟಕಿಯ ಹತ್ತಿರ ಟವೆಲ್ ಹಾಸಿ ಮೂರು ಜನಕ್ಕೆ ಸೀಟು ಹಿಡಿದಳು.